ಎಣ್ಣೆಯ ಒತ್ತಡ, ಎಣ್ಣೆಯ ಗಟ್ಟಿತನ: ರೇಸ್ ಟ್ರ್ಯಾಕ್ ಕಲಿಸುವ ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ನೀವು ಮಾಡುವ ಕೆಲಸದ ಬಗ್ಗೆಯೇ ಮಾತಾಡಿ, ಆದರೆ ಮಕ್ಕಳಿಗೂ ಅರ್ಥವಾಗಬೇಕು, ರೈತರಿಗೂ ಉಪಯೋಗಕ್ಕೆ ಬರಬೇಕು" ಎಂದು ಗೋಷ್ಠಿಯ ಸಂಚಾಲಕರು ಹೇಳಿದ್ದಾರೆ. ನನ್ನ ಕೆಲಸ ರೇಸ್ ಟ್ರ್ಯಾಕಿಗೆ ಹೋಗುವ ಕಾರುಗಳ ಎಂಜಿನ್ ನೋಡಿಕೊಳ್ಳುವುದು. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ, ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಎಂಬ ಊರಿದೆ. ಅಲ್ಲಿ 1990ರಲ್ಲಿ ಶುರುವಾದ, ಸುಮಾರು 3.7 ಕಿಲೋಮೀಟರ್ ಸುತ್ತಳತೆಯ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಇದೆ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರಿನ ಎಷ್ಟೋ ಹುಡುಗರು ತಮ್ಮ ಕಾರು, ಬೈಕುಗಳನ್ನು ತೆಗೆದುಕೊಂಡು ಅಲ್ಲಿಗೆ ಹೋಗುತ್ತಾರೆ. ರಸ್ತೆಯಲ್ಲಿ ಮಾಡಬಾರದ ವೇಗವನ್ನು ಅಲ್ಲಿ ಮಾಡುತ್ತಾರೆ. ಅದು ಸರಿಯಾದ ಜಾಗ.

"ರೇಸ್ ಕಾರಿನ ವಿಷಯ ಕಟ್ಟಿಕೊಂಡು ನಮಗೇನಾಗಬೇಕು?" ಎಂದು ನೀವು ಕೇಳಬಹುದು. ಒಂದು ಎಂಜಿನ್ ಹತ್ತು ವರ್ಷ ರಸ್ತೆಯಲ್ಲಿ ಅನುಭವಿಸದ ಕಷ್ಟವನ್ನು ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಅನುಭವಿಸುತ್ತದೆ. ಅಲ್ಲಿ ಬೇಗ ಕಾಣುವ ರೋಗ ನಮ್ಮ ಟ್ರಾಕ್ಟರು, ಟಿಲ್ಲರು, ಗೂಡ್ಸ್ ಆಟೋ, ಬೈಕುಗಳಲ್ಲಿ ನಿಧಾನವಾಗಿ ಬರುತ್ತದೆ. ರೋಗ ಮಾತ್ರ ಒಂದೇ. ಟ್ರ್ಯಾಕಿನಲ್ಲಿ ಎಂಜಿನ್ ಸೀಜ್ ಆದರೆ ಹವ್ಯಾಸದವನಿಗೆ ಹಣ ಹೋಗುತ್ತದೆ. ಉಳುಮೆಯ ಹೊತ್ತಿನಲ್ಲಿ ಟ್ರಾಕ್ಟರಿನ ಎಂಜಿನ್ ಹಿಡಿದುಕೊಂಡರೆ ಒಂದು ಮನೆಯ ಹಂಗಾಮೇ ಹೋಗುತ್ತದೆ. ಓಡುತ್ತಿರುವ ಬೈಕಿನ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಗಕ್ಕನೆ ನಿಂತರೆ ಜೀವಕ್ಕೇ ಅಪಾಯ. ಆದ್ದರಿಂದ ಈ ವಿಷಯ ಆರಿಸಿಕೊಂಡಿದ್ದೇನೆ.

ಮೊದಲು ಗಟ್ಟಿತನದ ಮಾತು. ಪುಸ್ತಕದಲ್ಲಿ ಇದಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಹರಿಯುವ ವಸ್ತು ಹರಿಯುವುದಕ್ಕೆ ತೋರುವ ಪ್ರತಿರೋಧವೇ ಸ್ನಿಗ್ಧತೆ. ಆಲೆಮನೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕ ಸೌಟಿನಿಂದ ಸಲೀಸಾಗಿ ಸುರಿಯುತ್ತದೆ. ಅದೇ ಜೋನಿಬೆಲ್ಲ ತಣ್ಣಗಾದ ಮೇಲೆ ಡಬ್ಬಿ ಬಗ್ಗಿಸಿದರೂ ಬೀಳಲು ಹೊತ್ತು ಬೇಕು. ಎಂಜಿನ್ ಆಯಿಲ್ಲೂ ಹೀಗೆಯೇ. ಅಂಕಿಗಳಲ್ಲಿ ನೋಡಿ: 20 ಡಿಗ್ರಿ ಉಷ್ಣತೆಯ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್. ಸಾಮಾನ್ಯವಾದ 10ಡಬ್ಲ್ಯೂ-40 ಆಯಿಲ್ಲಿನದು 40 ಡಿಗ್ರಿಯಲ್ಲಿ ಸುಮಾರು 95. 100 ಡಿಗ್ರಿಗೆ ಬಂದಾಗ ಅದು ಸುಮಾರು 14ಕ್ಕೆ ಇಳಿಯುತ್ತದೆ. 130 ಡಿಗ್ರಿಗೆ ಏರಿದರೆ ಸುಮಾರು 8 ಅಷ್ಟೇ. ಡಬ್ಬಿಯಲ್ಲಿ ಕಂಡ ಆಯಿಲ್ ಬೇರೆ, ಕಾದ ಎಂಜಿನ್ನಿನೊಳಗೆ ಓಡುವ ಆಯಿಲ್ ಬೇರೆ ಎಂದೇ ತಿಳಿಯಿರಿ.

ಡಬ್ಬಿಯ ಮೇಲಿನ ಅಂಕಿಗಳ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. "20ಡಬ್ಲ್ಯೂ-50 ಅಂದರೆ 20ರಿಂದ 50 ಡಿಗ್ರಿ ಬಿಸಿಲಿಗೆ ಆಗುವ ಆಯಿಲ್" ಎಂದು ಹೇಳುವವರನ್ನು ಕಂಡಿದ್ದೇನೆ. ಅದು ಹಾಗಲ್ಲ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ, ತಣ್ಣಗಿರುವಾಗ ಆಯಿಲ್ ಎಷ್ಟು ಸುಲಭವಾಗಿ ಓಡಾಡುತ್ತದೆ ಎಂಬುದಕ್ಕೆ. ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಸಲೀಸು. ಎರಡನೆಯ ಅಂಕಿ ಆಯಿಲ್ ಕಾದಾಗಿನದು. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಮಾಡಿದ ನಿಯಮದ ಪ್ರಕಾರ 100 ಡಿಗ್ರಿಯಲ್ಲಿ 9.3ರಿಂದ 12.5ರೊಳಗೆ ಇದ್ದರೆ ಅದು 30. 12.5ರಿಂದ 16.3ರೊಳಗೆ ಇದ್ದರೆ 40. 16.3ರಿಂದ 21.9ರೊಳಗೆ ಇದ್ದರೆ 50. ಇದು ಗುಣಮಟ್ಟದ ಅಂಕಿಯಲ್ಲ, ಗಟ್ಟಿತನದ ಅಂಕಿ. 50 ಎಂಬುದು 30ಕ್ಕಿಂತ "ಒಳ್ಳೆಯದು" ಅಲ್ಲ, ಕಾದಾಗ ಹೆಚ್ಚು ಗಟ್ಟಿ, ಅಷ್ಟೇ.

ಇನ್ನು ಒತ್ತಡ. ಇಲ್ಲಿ ಎಲ್ಲರೂ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು: ಆಯಿಲ್ ಪಂಪು ಒತ್ತಡವನ್ನು ತಯಾರು ಮಾಡುವುದಿಲ್ಲ. ಅದು ಆಯಿಲ್ಲನ್ನು ಮುಂದಕ್ಕೆ ತಳ್ಳುತ್ತದೆ. ತಳ್ಳಿದ ಆಯಿಲ್ ಸಂದುಗಳಲ್ಲಿ ನುಗ್ಗಲು ಕಷ್ಟಪಟ್ಟಾಗ ಒತ್ತಡ ಹುಟ್ಟುತ್ತದೆ. ನಿಮ್ಮ ಹೊಲದ ಡ್ರಿಪ್ ಪೈಪನ್ನು ನೆನಪಿಸಿಕೊಳ್ಳಿ. ಪೈಪಿನ ಕೊನೆಯ ಮುಚ್ಚಳ ಬಿಚ್ಚಿದರೆ ನೀರು ಧಾರಾಳ ಹರಿಯುತ್ತದೆ, ಗೇಜಿನ ಮುಳ್ಳು ಕೆಳಗಿಳಿಯುತ್ತದೆ. ಡ್ರಿಪ್ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡರೆ ಫಿಲ್ಟರಿನ ಮುಂಚೆ ಇರುವ ಗೇಜು ಮೇಲಕ್ಕೇರುತ್ತದೆ, ಗಿಡಗಳು ಒಣಗುತ್ತವೆ. ಹೆಚ್ಚು ಒತ್ತಡ ಎಂದರೆ ಹೆಚ್ಚು ನೀರು ಎಂದಲ್ಲ. ಎಂಜಿನ್ನಿನಲ್ಲೂ ಅದೇ ಲೆಕ್ಕ.

ಚಳಿಗಾಲದ ಬೆಳಿಗ್ಗೆ ಎಂಜಿನ್ ಶುರು ಮಾಡಿ ಮೀಟರ್ ನೋಡಿದರೆ ಒತ್ತಡ ಬಹಳ ಜಾಸ್ತಿ ಇರುತ್ತದೆ. "ಆಹಾ, ಎಂಜಿನ್ ಗಟ್ಟಿಮುಟ್ಟಾಗಿದೆ" ಎಂದು ಆಕ್ಸಿಲರೇಟರ್ ಒತ್ತುವವರಿದ್ದಾರೆ. ಒಳಗೆ ನಡೆಯುವುದು ಬೇರೆ. ಆಯಿಲ್ ಗಟ್ಟಿಯಾಗಿರುವುದರಿಂದ ಸಂದುಗಳಿಗೆ ಹೋಗಲಾರದೆ ಒತ್ತಡ ಏರಿದೆ. ಒತ್ತಡ ಮಿತಿ ಮೀರಬಾರದೆಂದು ಪಂಪಿನ ಬಳಿ ಒಂದು ರಿಲೀಫ್ ವಾಲ್ವ್ ಇರುತ್ತದೆ, ಕುಕ್ಕರಿನ ವಿಷಲ್ ಇದ್ದ ಹಾಗೆ. ಅದು ತೆರೆದುಕೊಂಡು ಆಯಿಲ್ಲಿನ ಒಂದು ಭಾಗ ಬೇರಿಂಗಿಗೆ ಹೋಗದೆ ಹಿಂದಿರುಗುತ್ತಿದೆ. ಮೀಟರ್ ತುಂಬಿದೆ, ಬೇರಿಂಗ್ ಹಸಿದಿದೆ. ಆದ್ದರಿಂದ ರೇಸ್ ತಂಡಗಳು ಆಯಿಲ್ ಕಾಯುವ ತನಕ ಎಂಜಿನ್ನನ್ನು ಜೋರು ಮಾಡುವುದಿಲ್ಲ. ನೀರಿನ ಮೀಟರ್ ಬಿಸಿ ತೋರಿಸಿದರೂ ಸಾಲದು. ನೀರು ಬೇಗ ಕಾಯುತ್ತದೆ, ಆಯಿಲ್ ನಿಧಾನವಾಗಿ ಕಾಯುತ್ತದೆ.

ಹಾಗಾದರೆ ಕ್ರ್ಯಾಂಕ್ ಶಾಫ್ಟನ್ನು ನಿಜವಾಗಿ ಎತ್ತಿ ಹಿಡಿದಿರುವುದು ಯಾವುದು? ಇದು ವಿಜ್ಞಾನದ ಮೇಷ್ಟರುಗಳಿಗೆ ಇಷ್ಟವಾಗುವ ಕಥೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರು ರೈಲು ಗಾಡಿಯ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ಮಾಡುತ್ತಿದ್ದರು. ಎಣ್ಣೆ ಬಿಡಲು ಬೇರಿಂಗಿನ ಮೇಲ್ಭಾಗದಲ್ಲಿ ತೂತು ಕೊರೆದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದಲೇ ಮೇಲಕ್ಕೆ ಬಂತು. ಬಿರಡೆ ಹಾಕಿದರು, ಅದನ್ನೂ ತಳ್ಳಿ ಹೊರಗೆ ಹಾಕಿತು. ಮರದ ಗೂಟ ಬಡಿದರು, ಅದೂ ಎದ್ದು ಬಂತು. ಕೊನೆಗೆ ಒತ್ತಡ ಅಳೆಯುವ ಗೇಜು ಕೂರಿಸಿದರೆ ಅದು 200 ಪಿಎಸ್‌ಐ ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಅದರ ಅರ್ಧದಷ್ಟು ಮಾತ್ರ. ಅಲ್ಲಿ ಯಾವ ಪಂಪೂ ಇರಲಿಲ್ಲ! ತಿರುಗುವ ಅಚ್ಚೇ ಎಣ್ಣೆಯನ್ನು ಕಿರಿದಾಗುವ ಸಂದಿನೊಳಗೆ ಎಳೆದುಕೊಂಡು ಹೋಗಿ, ಅದರ ಮೇಲೆ ತಾನೇ ತೇಲುತ್ತಿತ್ತು. 1886ರಲ್ಲಿ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದರು. ಇಂದಿಗೂ ಬೇರಿಂಗ್ ಮಾಡುವವರು ಅದೇ ಸಮೀಕರಣದಿಂದ ಶುರು ಮಾಡುತ್ತಾರೆ.

ನಮ್ಮ ಕಾರಿನ ಎಂಜಿನ್ನಿನಲ್ಲೂ ನಡೆಯುವುದು ಇದೇ. ಪಂಪು ಕೊಡುವ ಒತ್ತಡ ಮೂರೋ ಐದೋ ಬಾರ್. ಆದರೆ ಬೇರಿಂಗಿನ ಎಣ್ಣೆಯ ಪದರದೊಳಗೆ, ಭಾರ ಬೀಳುವ ಜಾಗದಲ್ಲಿ, ಒತ್ತಡ ನೂರಾರು ಬಾರ್ ಇರುತ್ತದೆ. ಅದನ್ನು ಹುಟ್ಟಿಸುವುದು ಶಾಫ್ಟಿನ ವೇಗ ಮತ್ತು ಆಯಿಲ್ಲಿನ ಸ್ನಿಗ್ಧತೆ. ಪಂಪಿನ ಕೆಲಸ ಆ ಪದರಕ್ಕೆ ಎಡೆಬಿಡದೆ ಹೊಸ ಆಯಿಲ್ ಒದಗಿಸುವುದು, ಬಿಸಿಯಾದ ಆಯಿಲ್ಲನ್ನು ಹೊರಗೆ ಸಾಗಿಸುವುದು. ಆ ಪದರ ಎಷ್ಟು ದಪ್ಪ ಗೊತ್ತೇ? ಕಷ್ಟದ ಗಳಿಗೆಯಲ್ಲಿ ಒಂದೆರಡು ಮೈಕ್ರಾನ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಣ್ಣೆಯ ಪೊರೆ ಇಡೀ ಎಂಜಿನ್ನನ್ನು ಕಾಯುತ್ತಿದೆ.

ಈಗ ಟ್ರ್ಯಾಕಿಗೆ ಹೋಗೋಣ. ಅಲ್ಲಿ ಎರಡು ಕಷ್ಟಗಳು ಒಟ್ಟಿಗೆ ಬರುತ್ತವೆ.

ಮೊದಲನೆಯದು ಬಿಸಿ. ರಸ್ತೆಯಲ್ಲಿ ಕಾರಿನ ಆಯಿಲ್ ಸಾಮಾನ್ಯವಾಗಿ 90ರಿಂದ 110 ಡಿಗ್ರಿಯಲ್ಲಿ ಇರುತ್ತದೆ. ಟ್ರ್ಯಾಕಿನಲ್ಲಿ ಎಂಜಿನ್ ಬಿಡುವಿಲ್ಲದೆ ಐದಾರು ಸಾವಿರ ಸುತ್ತಿನಲ್ಲಿ ದುಡಿಯುವುದರಿಂದ, ಆಯಿಲ್ ಕೂಲರ್ ಇಲ್ಲದ ಕಾರಿನಲ್ಲಿ 130 ಡಿಗ್ರಿ ದಾಟುವುದು ಅಪರೂಪವಲ್ಲ. ಸ್ನಿಗ್ಧತೆ ಹೇಗೆ ಕುಸಿಯುತ್ತದೆಂದು ಆಗಲೇ ನೋಡಿದೆವು. ಸ್ನಿಗ್ಧತೆ ಕುಸಿದರೆ ಪೊರೆ ತೆಳುವಾಗುತ್ತದೆ. ಇದಕ್ಕಾಗಿಯೇ ಇನ್ನೊಂದು ಪರೀಕ್ಷೆ ಇದೆ. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನೊಳಗೆ ಇರುವಂಥ ವೇಗದ ತಿಕ್ಕಾಟದಲ್ಲಿ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತದೆ ಎಂದು ಅಳೆಯುತ್ತಾರೆ. 30ರ ಆಯಿಲ್ಲಿಗೆ ಕನಿಷ್ಠ 2.9, 10ಡಬ್ಲ್ಯೂ-40ಕ್ಕೆ ಕನಿಷ್ಠ 3.5, 50ರದಕ್ಕೆ ಕನಿಷ್ಠ 3.7 ಮಿಲಿಪ್ಯಾಸ್ಕಲ್ ಸೆಕೆಂಡ್ ಇರಲೇಬೇಕು. ಟ್ರ್ಯಾಕಿಗೆ ಹೋಗುವವರು ಡಬ್ಬಿಯ ಬಣ್ಣ ನೋಡುವ ಬದಲು ಈ ಅಂಕಿ ಕೇಳಬೇಕು.

ಎರಡನೆಯದು ತಿರುವು. ಹತ್ತನೆಯ ತರಗತಿಯ ಮಕ್ಕಳೇ, ಲೆಕ್ಕ ಹಾಕಿ. ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 80 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೋಗುತ್ತಿದೆ. 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಅದರ ವರ್ಗವನ್ನು 80ರಿಂದ ಭಾಗಿಸಿದರೆ ಸುಮಾರು 9.6. ಭೂಮಿಯ ಗುರುತ್ವ 9.8. ಅಂದರೆ ಕಾರನ್ನು ಭೂಮಿ ಕೆಳಗೆ ಎಳೆಯುವಷ್ಟೇ ಬಲ ಪಕ್ಕಕ್ಕೂ ಬೇಕು. ಆಗ ಎಂಜಿನ್ನಿನ ತಳದ ಸಂಪಿನಲ್ಲಿರುವ ಆಯಿಲ್ಲಿನ ಮೇಲ್ಮೈ ಸಮತಲವಾಗಿ ಇರುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಂದು ಪಕ್ಕಕ್ಕೆ ಹತ್ತುತ್ತದೆ. ನಮ್ಮ ಮನೆಯ ನೀರಿನ ಸಂಪನ್ನು ಅಷ್ಟು ವಾಲಿಸಿ, ಒಂದು ಮೂಲೆಯಲ್ಲಿ ಫುಟ್ ವಾಲ್ವ್ ಇಟ್ಟಂತೆ. ನೀರು ಆ ಮೂಲೆ ಬಿಟ್ಟು ಹೋದರೆ ಮೋಟಾರು ಗಾಳಿ ಎಳೆಯುತ್ತದೆ. ಆಯಿಲ್ ಪಂಪೂ ಹಾಗೆಯೇ ಗಾಳಿ ಎಳೆಯುತ್ತದೆ.

ಎಷ್ಟು ಹೊತ್ತು? ಅರ್ಧ ಸೆಕೆಂಡು ಎಂದುಕೊಳ್ಳಿ. 6000 ಸುತ್ತಿನಲ್ಲಿ ಓಡುವ ಎಂಜಿನ್ನಿನ ಕ್ರ್ಯಾಂಕ್ ಸೆಕೆಂಡಿಗೆ 100 ಬಾರಿ ತಿರುಗುತ್ತದೆ. ಅರ್ಧ ಸೆಕೆಂಡಿನಲ್ಲಿ 50 ಸುತ್ತು. ಎಣ್ಣೆಯ ಬದಲು ನೊರೆ ಬರುತ್ತಿರುವಾಗ ಐವತ್ತು ಸುತ್ತು. ಅದೇ ತಿರುವು, ಪ್ರತಿ ಲ್ಯಾಪಿನಲ್ಲೂ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಬೇರಿಂಗಿನ ಮೇಲಿನ ಮೃದು ಲೋಹದ ಪದರ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಒಂದು ದಿನ ಕನೆಕ್ಟಿಂಗ್ ರಾಡಿನಿಂದ ಟಕಟಕ ಸದ್ದು ಬರುತ್ತದೆ. ಆಮೇಲೂ ಓಡಿಸಿದರೆ ರಾಡು ಮುರಿದು ಬ್ಲಾಕನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಕಾದ ಆಯಿಲ್ ಟ್ರ್ಯಾಕಿನ ಮೇಲೆ ಚೆಲ್ಲಿದರೆ ಹಿಂದೆ ಬರುವವನು ಜಾರುತ್ತಾನೆ.

ಇದಕ್ಕೆ ಪರಿಹಾರವೂ ನಮ್ಮೂರಿಗೆ ಗೊತ್ತಿರುವುದೇ. ನೀರಿನ ಟ್ಯಾಂಕರಿನ ಒಳಗೆ ಅಡ್ಡಡ್ಡ ತಗಡು ಹಾಕಿರುತ್ತಾರಲ್ಲ, ಅರ್ಧ ತುಂಬಿದ ಟ್ಯಾಂಕರಿನಲ್ಲಿ ನೀರು ಒಂದೇ ಕಡೆಗೆ ನುಗ್ಗದಿರಲಿ ಎಂದು, ಅದೇ ರೀತಿ ಆಯಿಲ್ ಸಂಪಿನಲ್ಲೂ ತಗಡಿನ ತಡೆಗಳನ್ನು ಕೂರಿಸುತ್ತಾರೆ. ಅವುಗಳಿಗೆ ಒಂದೇ ಕಡೆ ತೆರೆಯುವ ಚಿಕ್ಕ ಬಾಗಿಲುಗಳೂ ಇರುತ್ತವೆ. ಆಯಿಲ್ ಪಂಪಿನ ಕಡೆಗೆ ಬರಬಹುದು, ಆಚೆಗೆ ಹೋಗಲಾರದು. ದೊಡ್ಡ ರೇಸ್ ಕಾರುಗಳಲ್ಲಿ ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲಿಸುವುದೇ ಇಲ್ಲ. ಪಂಪುಗಳು ಅದನ್ನು ಎಳೆದು ಬೇರೆ ಎತ್ತರದ ತೊಟ್ಟಿಗೆ ಹಾಕಿ, ಅಲ್ಲಿಂದ ಬೇರಿಂಗಿಗೆ ಕೊಡುತ್ತವೆ. ಇದಕ್ಕೆ ಡ್ರೈ ಸಂಪ್ ಎನ್ನುತ್ತಾರೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಓಡಿದ ಫಾರ್ಮುಲಾ ಒನ್ ಕಾರುಗಳಲ್ಲಿ ಇದ್ದದ್ದು ಈ ವ್ಯವಸ್ಥೆಯೇ.

"ಹಾಗಾದರೆ ಗಟ್ಟಿ ಆಯಿಲ್ ಹಾಕಿಬಿಟ್ಟರೆ ಆಯಿತಲ್ಲ?" ಇದು ಎಲ್ಲ ಕಡೆ ಕೇಳುವ ಪ್ರಶ್ನೆ. ಎಂಜಿನ್ ಸವೆದು ಒತ್ತಡ ಇಳಿದಾಗ ಗಟ್ಟಿ ಆಯಿಲ್ ಹಾಕಿದರೆ ಮೀಟರಿನ ಮುಳ್ಳು ಮೇಲೇಳುವುದು ನಿಜ. ಸಂದು ಮಾತ್ರ ಹಾಗೆಯೇ ಉಳಿಯುತ್ತದೆ. ಜ್ವರದವನ ಕೈಯಿಂದ ಥರ್ಮಾಮೀಟರ್ ಕಿತ್ತುಕೊಂಡಂತೆ ಅದು. ಗಟ್ಟಿ ಆಯಿಲ್ ಪೊರೆಯನ್ನು ದಪ್ಪ ಮಾಡುತ್ತದೆ, ಆದರೆ ಅದರ ತಿಕ್ಕಾಟದಿಂದಲೇ ಬಿಸಿ ಹೆಚ್ಚು ಹುಟ್ಟುತ್ತದೆ, ಕಿರಿದಾದ ಸಂದಿನಲ್ಲಿ ಹರಿವು ಕಡಿಮೆಯಾಗುತ್ತದೆ, ಚಳಿಯಲ್ಲಿ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ತಿರುವಿನಲ್ಲಿ ಪಂಪು ಗಾಳಿ ಎಳೆಯುವ ರೋಗಕ್ಕಂತೂ ಅದು ಔಷಧಿಯೇ ಅಲ್ಲ. ಸಂದು ಎಷ್ಟಿದೆ, ಆಯಿಲ್ ಎಷ್ಟು ಕಾಯುತ್ತದೆ ಎಂಬ ಎರಡು ಲೆಕ್ಕ ನೋಡಿ ಆಯಿಲ್ ಆರಿಸಬೇಕು. ಟ್ರ್ಯಾಕಿಗೆ ಹೋಗುವ ಕಾರಿಗೆ ಕಂಪನಿ ಹೇಳಿದ್ದಕ್ಕಿಂತ ಒಂದು ಹಂತ ಮೇಲಿನದನ್ನು ಬಳಸುವುದುಂಟು. ಊರಿನ ವಾಹನಕ್ಕೆ ಕಂಪನಿಯ ಪುಸ್ತಕದಲ್ಲಿ ಬರೆದದ್ದೇ ಸರಿ.

ಮೀಟರನ್ನು ಓದುವುದು ಹೇಗೆ? ಪ್ರತಿ ಸಾವಿರ ಸುತ್ತಿಗೆ 10 ಪಿಎಸ್‌ಐ ಇರಬೇಕು ಎಂಬುದು ಹಳೆಯ ಗ್ಯಾರೇಜಿನ ಲೆಕ್ಕ. 6000ಕ್ಕೆ 60 ಪಿಎಸ್‌ಐ, ಅಂದರೆ ಸುಮಾರು 4 ಬಾರ್. ಒರಟು ಲೆಕ್ಕ, ಎಲ್ಲ ಎಂಜಿನ್ನಿಗೂ ಹೊಂದುವುದಿಲ್ಲ. ಅಂಕಿಗಿಂತ ಮುಖ್ಯವಾದದ್ದು ಅದರ ನಡವಳಿಕೆ. ಲ್ಯಾಪಿನಿಂದ ಲ್ಯಾಪಿಗೆ ಒತ್ತಡ ನಿಧಾನವಾಗಿ ಇಳಿಯುತ್ತಾ, ಜೊತೆಗೆ ಆಯಿಲ್ಲಿನ ಬಿಸಿ ಏರುತ್ತಿದ್ದರೆ ಆಯಿಲ್ ತೆಳುವಾಗುತ್ತಿದೆ. ವೇಗ ತಗ್ಗಿಸಿ ತಣಿಸಬೇಕು. ಒಂದೇ ತಿರುವಿನಲ್ಲಿ ಮುಳ್ಳು ಗಕ್ಕನೆ ಬಿದ್ದು ಮತ್ತೆ ಎದ್ದರೆ ಪಂಪು ಗಾಳಿ ಎಳೆಯುತ್ತಿದೆ. ಆ ದಿನದ ಓಟ ಅಲ್ಲಿಗೆ ಮುಗಿಯಬೇಕು. ನೇರ ದಾರಿಯಲ್ಲೂ ಮುಳ್ಳು ನಡುಗುತ್ತಿದ್ದರೆ ಆಯಿಲ್ಲಿನಲ್ಲಿ ನೊರೆ ಸೇರಿರಬಹುದು. ಬಿಸಿ ಮೊದಲಿನಷ್ಟೇ ಇದ್ದು ಒತ್ತಡ ಮಾತ್ರ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ ಬೇರಿಂಗ್ ಸವೆದಿದೆ, ಇಲ್ಲವೇ ಆಯಿಲ್ಲಿಗೆ ಪೆಟ್ರೋಲ್ ಅಥವಾ ಡೀಸೆಲ್ ಬೆರೆಯುತ್ತಿದೆ.

ನೊರೆಯ ಮಾತು ಬಂತು. "ಇರಲಿ" ಎಂದು ಅರ್ಧ ಲೀಟರ್ ಜಾಸ್ತಿ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅಳತೆಯ ಕಡ್ಡಿಯ ಮೇಲಿನ ಗೆರೆ ದಾಟಿದರೆ ತಿರುಗುವ ಕ್ರ್ಯಾಂಕ್ ಆಯಿಲ್ಲನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ಗಾಳಿ ಬೆರೆತ ಆಯಿಲ್ ಭಾರ ಹೊರುವುದಿಲ್ಲ. ಕೆಳಗಿನ ಗೆರೆಗಿಂತ ಇಳಿದರೆ, ಇಳಿಜಾರಿನ ಹೊಲದಲ್ಲಿ ಟ್ರಾಕ್ಟರು ವಾಲಿದಾಗ, ಟ್ರ್ಯಾಕಿನ ತಿರುವಿನಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಹತ್ತಿರ ಇರಲಿ.

ಕೊನೆಗೆ ಆ ಕೆಂಪು ದೀಪ. ಬಹಳಷ್ಟು ವಾಹನಗಳಲ್ಲಿ ಒತ್ತಡದ ಮೀಟರ್ ಇರುವುದಿಲ್ಲ, ಎಣ್ಣೆಯ ಗಿಂಡಿಯ ಚಿತ್ರವಿರುವ ಒಂದು ಕೆಂಪು ದೀಪ ಮಾತ್ರ ಇರುತ್ತದೆ. ಅದು "ಆಯಿಲ್ ಕಡಿಮೆಯಾಗಿದೆ, ಪೇಟೆಗೆ ಹೋದಾಗ ಹಾಕಿಸು" ಎಂದು ಹೇಳುವ ದೀಪವಲ್ಲ. ಒತ್ತಡ ಅರ್ಧ ಬಾರಿನ ಆಸುಪಾಸಿಗೆ ಬಿದ್ದ ಮೇಲಷ್ಟೇ ಸಾಮಾನ್ಯವಾಗಿ ಅದು ಹೊತ್ತುತ್ತದೆ. ಜೋರಾಗಿ ದುಡಿಯುವ ಎಂಜಿನ್ನಿಗೆ ಅಷ್ಟು ಹೊತ್ತಿಗೆ ಹಾನಿ ಶುರುವಾಗಿರುತ್ತದೆ. ದೀಪ ಹೊತ್ತಿದ ಜಾಗದಲ್ಲೇ, ಬದಿಗೆ ಸರಿಸಿ, ಎಂಜಿನ್ ನಿಲ್ಲಿಸಬೇಕು. "ಇನ್ನು ಎರಡೇ ಸಾಲು ಉಳುಮೆ ಇದೆ", "ಊರು ಇಲ್ಲೇ ಎರಡು ಕಿಲೋಮೀಟರ್" ಎಂಬ ಮಾತಿಗೆ ಎಷ್ಟೋ ಎಂಜಿನ್‌ಗಳು ಬಲಿಯಾಗಿವೆ. ಒಂದು ಲೀಟರ್ ಆಯಿಲ್ಲಿನ ಬೆಲೆ ಎಲ್ಲಿ, ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ಬೋರ್ ಕೆಲಸದ ಬೆಲೆ ಎಲ್ಲಿ? ಅಕ್ಕಂದಿರೇ, ಗಾಡಿ ಓಡಿಸುವವರು ಮನೆಯ ಗಂಡಸರೇ ಆದರೂ ಪಕ್ಕದಲ್ಲಿ ಕೂತಾಗ ಆ ದೀಪದ ಮೇಲೆ ನಿಮ್ಮ ಒಂದು ಕಣ್ಣಿರಲಿ. ಬೆಳಿಗ್ಗೆ ಕೀ ತಿರುಗಿಸಿದಾಗ ಆ ದೀಪ ಹೊತ್ತಬೇಕು, ಎಂಜಿನ್ ಶುರುವಾದ ಕೂಡಲೇ ಆರಬೇಕು. ಕೀ ತಿರುಗಿಸಿದಾಗ ಹೊತ್ತದಿದ್ದರೆ ದೀಪವೇ ಕೆಟ್ಟಿದೆ ಎಂದು ತಿಳಿಯಿರಿ.

ಮಕ್ಕಳಿಗೆ ಒಂದು ಪ್ರಯೋಗ. ಒಂದೇ ಅಳತೆಯ ಎರಡು ಗಾಜಿನ ನಳಿಕೆಗಳಲ್ಲಿ ಹರಳೆಣ್ಣೆ ತುಂಬಿ. ಒಂದನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಬಿಸಿನೀರಿನಲ್ಲಿ, ಮೇಷ್ಟರು ಹತ್ತಿರ ಇರುವಾಗ, ಹೊತ್ತು ನಿಲ್ಲಿಸಿ. ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಎರಡರಲ್ಲೂ ಬಿಟ್ಟು, ತಳ ಮುಟ್ಟಲು ಎಷ್ಟು ಸೆಕೆಂಡು ಬೇಕೆಂದು ಬರೆದುಕೊಳ್ಳಿ. ಸ್ನಿಗ್ಧತೆ ಎಂದರೇನೆಂದು ಜೀವಮಾನ ಮರೆಯುವುದಿಲ್ಲ. ಹರಳೆಣ್ಣೆಯನ್ನೇ ಏಕೆ ಹೇಳಿದೆ ಎಂದರೆ, ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಹರಳಿನ ಎಣ್ಣೆಯೇ ಮೊದಲ ಮಹಾಯುದ್ಧದ ಕಾಲದ ವಿಮಾನ ಎಂಜಿನ್ನುಗಳನ್ನೂ, ಹಳೆಯ ರೇಸ್ ಕಾರುಗಳನ್ನೂ ಓಡಿಸಿತ್ತು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಕ್ಯಾಸ್ಟರ್, ಅಂದರೆ ಹರಳಿನಿಂದ.

ಗುರುಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಗುಜರಿಗೆ ಹೋಗುವ ಒಂದು ಎಂಜಿನ್ನನ್ನು ಸೀಳಿ, ತೊಳೆದು, ಬಣ್ಣ ಹಚ್ಚಿ, ಆಯಿಲ್ ಹೋಗುವ ದಾರಿ ಕಾಣುವ ಹಾಗೆ ನಮ್ಮ ವಿಜ್ಞಾನ ಕೊಠಡಿಯಲ್ಲಿ ಇಡೋಣ. ಅದನ್ನು ಮಾಡಿ ತರುವ ಜವಾಬ್ದಾರಿ ನನಗಿರಲಿ. ಅದರ ಪಕ್ಕದಲ್ಲಿ ಒಂದು ಒಳ್ಳೆಯ ಬೇರಿಂಗ್, ಒಂದು ಸುಟ್ಟ ಬೇರಿಂಗ್ ಇಟ್ಟರೆ ಸಾಕು. ನಾಳೆ ಇಲ್ಲಿಂದ ಐಟಿಐ, ಡಿಪ್ಲೊಮಾ ಓದಲು ಹೋಗುವ ಹುಡುಗ ಹುಡುಗಿಯರಿಗೆ ಅದು ನನ್ನ ಈ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಹೇಳುತ್ತದೆ.

 ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಒಮ್ಮೆ ಆಯಿಲ್ಲಿನ ಕಡ್ಡಿ ಎಳೆದು, ಒರೆಸಿ, ನೋಡಿ. ಈ ಉಪನ್ಯಾಸಕ್ಕೆ ಅಷ್ಟೇ ದಕ್ಷಿಣೆ ಸಾಕು.